ಸ್ಕೆಗ್ ಗಾರ್ಡ್: ಕಲ್ಲಿಗೆ ಜಗ್ಗಲಿಲ್ಲ, ಉಪ್ಪಿಗೆ ಸೋತಿತು

ದೋಣಿಯ ಹಿಂದೆ ತೂಗುಹಾಕುವ ಔಟ್‌ಬೋರ್ಡ್ ಮೋಟಾರಿನ ಸ್ಕೆಗ್‌ಗೆ, ಅಂದರೆ ಪ್ರೊಪೆಲ್ಲರ್ ಕೆಳಗೆ ಚಾಚಿಕೊಂಡಿರುವ ರೆಕ್ಕೆಯಂಥ ಭಾಗಕ್ಕೆ, ಕವಚದ ಹಾಗೆ ಸ್ಟೇನ್‌ಲೆಸ್ ಸ್ಟೀಲ್ ಗಾರ್ಡ್ ಹಾಕಿ ಕೆಲವು ವರ್ಷ ಆಯಿತು. ನದಿಯಲ್ಲೂ ಓಡಿಸಿದ್ದೇನೆ, ನದಿ ಸಮುದ್ರ ಸೇರುವ ಕಡೆಯ ಉಪ್ಪು ನೀರಿನಲ್ಲೂ ಓಡಿಸಿದ್ದೇನೆ. ದಪ್ಪ ಎಷ್ಟು, ಯಾವ ಮೋಟಾರಿಗೆ ಯಾವ ಸೈಜು ಅನ್ನೋದೆಲ್ಲ ಡಬ್ಬಿಯ ಮೇಲೇ ಇರುತ್ತದೆ, ಅದನ್ನು ಬಿಡುತ್ತೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಮೋಟಾರ್. ಕೊಳ್ಳುವಾಗಲೇ ಸ್ಕೆಗ್‌ನ ತುದಿ ಸವೆದು ಹೋಗಿತ್ತು. ತುದಿ ಇಲ್ಲದಿದ್ದರೆ ಪ್ರೊಪೆಲ್ಲರ್‌ಗೆ ಅಡಿಯಿಂದ ಕಾವಲೇ ಇಲ್ಲ. ಜೊತೆಗೆ ದೋಣಿ ನೇರ ಹೋಗುವುದಿಲ್ಲ, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ, ಸಂಜೆಯಾಗುವ ಹೊತ್ತಿಗೆ ತೋಳು ಸೋತು ಹೋಗುತ್ತದೆ. ಗಾರ್ಡ್ ಹಾಕಿದ ಮೇಲೆ ಕಳೆದುಹೋದ ಉದ್ದ ವಾಪಸ್ ಬಂತು, ದೋಣಿ ಗೆರೆ ಎಳೆದ ಹಾಗೆ ಹೋಗತೊಡಗಿತು. ಆ ಖುಷಿ ನಿಜಕ್ಕೂ ದೊಡ್ಡದು. ಜಲ್ಲಿ ದಡ, ಮರಳು ದಿಬ್ಬ, ನೀರಿನಡಿಯ ಮರದ ಬೊಡ್ಡೆ, ಎಲ್ಲಕ್ಕೂ ತಾಗಿದೆ. ಗಾರ್ಡ್ ಮೇಲೆ ಗೀರುಗಳು ಬಿಟ್ಟರೆ ಏನೂ ಇಲ್ಲ.

ದಡಕ್ಕೆ ಬಂದ ಮೇಲೆ ನನ್ನದೊಂದು ಕ್ರಮ ಇದೆ. ಮೊದಲು ಮೋಟಾರಿಗೆ ಸಿಹಿ ನೀರು ಕೊಟ್ಟು ಫ್ಲಶ್ ಮಾಡುತ್ತೇನೆ. ಆಮೇಲೆ ಟಿಲ್ಟ್ ಮಾಡಿ, ಗಾರ್ಡ್ ಮತ್ತು ಸ್ಕೆಗ್ ಸೇರುವ ಅಂಚಿಗೆ ಪೈಪ್ ಹಿಡಿದು ಮರಳೆಲ್ಲ ಹೊರಬರುವ ತನಕ ನೀರು ಬಿಡುತ್ತೇನೆ. ಹಳೇ ಬಟ್ಟೆಯಲ್ಲಿ ಒರೆಸಿ, ಪ್ರತಿ ಬೋಲ್ಟನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತೇನೆ, ಸಡಿಲ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಕೊನೆಗೆ ಪ್ರೊಪೆಲ್ಲರ್ ಅನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಅದರ ಹಿಂದೆ ಮೀನಿನ ದಾರ ಸುತ್ತಿಕೊಂಡಿದೆಯಾ ಅಂತ ನೋಡುತ್ತೇನೆ. ಕೆಲವರಿಗೆ ಇದು ಬೇಜಾರಿನ ಕೆಲಸ. ನನಗೆ ದಿನದಲ್ಲಿ ತುಂಬಾ ಇಷ್ಟವಾದ ಹೊತ್ತು ಅದೇ.

ಇಷ್ಟು ನೋಡಿಕೊಂಡರೂ ಒಂದು ದಿನ ಗಾರ್ಡಿನ ಅಂಚಿನಲ್ಲಿ ಬಿಳಿ ಪುಡಿ ಕಂಡಿತು. ಮೊದಲು ಉಪ್ಪು ಅಂದುಕೊಂಡೆ. ಒರೆಸಿದೆ, ಮತ್ತೆ ಬಂತು. ಬೋಲ್ಟ್ ಬಿಚ್ಚಿ ಗಾರ್ಡ್ ಕಳಚಿ ನೋಡಿದರೆ ಒಳಗೆ ಬಣ್ಣ ಗುಳ್ಳೆ ಎದ್ದು ಉದುರಿದೆ, ಸ್ಕೆಗ್ ತುಂಬ ಸಣ್ಣ ಸಣ್ಣ ಕುಳಿ. ಬೋಲ್ಟಿಗಾಗಿ ಕೊರೆದ ತೂತಿನ ಸುತ್ತ ಇನ್ನೂ ಜಾಸ್ತಿ. ಕಲ್ಲು ಮುರಿಯದ ಸ್ಕೆಗ್ಗನ್ನು ಉಪ್ಪು ನೀರು ತಿಂದಿತ್ತು.

ಕಾರಣ ಸರಳ. ಸ್ಕೆಗ್ ಅಲ್ಯೂಮಿನಿಯಂ, ಗಾರ್ಡ್ ಸ್ಟೇನ್‌ಲೆಸ್ ಸ್ಟೀಲ್. ಎರಡೂ ಒಂದಕ್ಕೊಂದು ತಾಗಿಕೊಂಡು ಉಪ್ಪು ನೀರಿನಲ್ಲಿ ನಿಂತರೆ ಸಣ್ಣ ಬ್ಯಾಟರಿ ಆದಂತೆ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಸಂದಿನಲ್ಲಿ ನಿಂತ ನೀರು ಬೇಗ ಆರುವುದೂ ಇಲ್ಲ. ಮೋಟಾರಿನ ಆನೋಡ್, ಅಂದರೆ ಉಳಿದ ಲೋಹದ ಬದಲು ತಾನು ಕರಗಲೆಂದೇ ಹಾಕಿರುವ ಲೋಹದ ತುಂಡು, ಸ್ವಲ್ಪ ಕಾಪಾಡುತ್ತದೆ, ಆದರೆ ಗಾರ್ಡ್ ಬಂದ ಮೇಲೆ ಅದೂ ಬೇಗ ಸವೆಯುತ್ತದೆ. ಅರ್ಧ ಸವೆದರೆ ಬದಲಾಯಿಸಲೇಬೇಕು, ಅದಕ್ಕೆ ಬಣ್ಣ ಬಳಿಯಲೇಬಾರದು. ಇಷ್ಟು ಮುಖ್ಯವಾದ ವಿಷಯ ಗಾರ್ಡ್ ಜೊತೆ ಬಂದ ಚೀಟಿಯಲ್ಲಿ ಒಂದು ಸಾಲೂ ಇರಲಿಲ್ಲ. ತೂತು ಎಲ್ಲಿ ಕೊರೆಯಬೇಕು ಅಂತ ಮಾತ್ರ ಚಿತ್ರ ಬರೆದು ತೋರಿಸಿದ್ದರು. ಇದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ರಿಪೇರಿಗೆ ವೆಲ್ಡರ್ ಹತ್ತಿರ ಹೋದೆ. ತುದಿ ಹೋದ ಸ್ಕೆಗ್‌ಗೆ ಎಪಾಕ್ಸಿ ಅಂಟು ತುಂಬಿಸಿ ಪ್ರಯೋಜನವಿಲ್ಲ. ಕುಳಿ ಮುಚ್ಚಲು ಅದು ಸರಿ, ಕಲ್ಲಿಗೆ ತಾಗುವ ತುದಿ ಕಟ್ಟಲು ಅಲ್ಲ. ಹೊಸ ಅಲ್ಯೂಮಿನಿಯಂ ತುಂಡು ಇಟ್ಟು ಟಿಗ್ ವೆಲ್ಡಿಂಗ್ ಮಾಡಿಸಬೇಕು. ನನ್ನ ವೆಲ್ಡರ್ ಬಳಸಿದ್ದು ಸಿಲಿಕಾನ್ ಸೇರಿದ 4043 ಅನ್ನೋ ಅಲ್ಯೂಮಿನಿಯಂ ಬೆಸುಗೆ ಕಡ್ಡಿ. ಶುರುವಿಗೆ ಮುಂಚೆ ಗೇರ್ ಆಯಿಲ್ ಇಳಿಸಿ, ಮೇಲಿನ ಕೆಳಗಿನ ಎರಡೂ ಸ್ಕ್ರೂ ತೆಗೆದಿಟ್ಟರು, ಬಿಸಿಗೆ ಒಳಗೆ ಒತ್ತಡ ಕಟ್ಟಬಾರದಲ್ವಾ. ಸ್ಕೆಗ್ ಮೇಲಿನ ಗೇರ್ ಇರುವ ಪೆಟ್ಟಿಗೆಗೆ, ಅಂದರೆ ಗೇರ್‌ಕೇಸಿಗೆ, ಒದ್ದೆ ಬಟ್ಟೆ ಸುತ್ತಿ, ಸ್ವಲ್ಪ ಸ್ವಲ್ಪವೇ ಬೆಸೆದು, ನಡುವೆ ಆರಲು ಬಿಟ್ಟು ಕೆಲಸ ಮಾಡಿದರು. ಅವಸರ ಪಟ್ಟರೆ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಸೀಲ್ ಸುಟ್ಟು ಒಳಗೆ ನೀರು ನುಗ್ಗುತ್ತದೆ. ಆಮೇಲೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ಒಳಗೆ ನೀರು ಸೇರಿದೆ ಅಂತಲೇ ಅರ್ಥ. ನನ್ನದರಲ್ಲಿ ಹಾಗಾಗಲಿಲ್ಲ. ಉಜ್ಜಿ, ಅಲ್ಯೂಮಿನಿಯಂಗೆ ಹೊಂದುವ ಎಚ್ (etch) ಪ್ರೈಮರ್, ಅಂದರೆ ಲೋಹಕ್ಕೆ ಕಚ್ಚಿ ಹಿಡಿಯುವ ಮೊದಲ ಬಣ್ಣ, ಹೊಡೆದು, ಮೇಲೆ ಬಣ್ಣ ಬಳಿದ ಮೇಲೆ ಬೆಸುಗೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಅಚ್ಚುಕಟ್ಟು. ದೋಣಿಯ ತಳಕ್ಕೆ ಬಳಿಯುವ, ತಾಮ್ರ ಇರುವ ಬಣ್ಣ ಮಾತ್ರ ಇದರ ಹತ್ತಿರವೂ ತರಬೇಡಿ, ಅದೂ ಅಲ್ಯೂಮಿನಿಯಂ ತಿನ್ನುತ್ತದೆ.

ಹಾಗಾದರೆ ಗಾರ್ಡ್ ಬೇಡವಾ? ಸಿಹಿ ನೀರಿನಲ್ಲಿ, ಕಲ್ಲು ಜಾಸ್ತಿ ಇರುವ ಕಡೆ ಓಡಿಸುವವರು ಧೈರ್ಯವಾಗಿ ಹಾಕಿ. ಹಾಕುವಾಗ ಒಳಗೆಲ್ಲ ಮೆರೀನ್ ಸೀಲೆಂಟ್ ತುಂಬಿ, ಲೋಹಕ್ಕೆ ಲೋಹ ತಾಗದ ಹಾಗೆ ಮಾಡಿ. ಕೊರೆದ ತೂತಿನ ಒಳಗೋಡೆಗೂ ಬಣ್ಣ, ಬೋಲ್ಟಿಗೆ ನೈಲಾನ್ ಕೊಳವೆ (ಸ್ಲೀವ್). ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು ತಪ್ಪಿಸಬೇಡಿ. ಆದರೂ ಜೋರಾಗಿ ಓಡಿಸಿಕೊಂಡು ಹೋಗಿ ಬಂಡೆಗೆ ಗುದ್ದಿದರೆ ಗಾರ್ಡ್ ಉಳಿದು, ಪೆಟ್ಟು ಮೇಲೆ ಗೇರ್‌ಕೇಸಿಗೆ ಹೋಗಬಹುದು. ಗೇರ್‌ಕೇಸ್ ಬಿರುಕು ಬಿಟ್ಟರೆ ಅದರ ಮುಂದೆ ಸ್ಕೆಗ್ ರಿಪೇರಿ ಖರ್ಚು ಏನೂ ಅಲ್ಲ. ಆಳ ಕಡಿಮೆ ಇರುವಲ್ಲಿ ನಿಧಾನಿಸಿ ಮೋಟಾರನ್ನು ಸ್ವಲ್ಪ ಮೇಲಕ್ಕೆ ಟ್ರಿಮ್ ಮಾಡುವುದನ್ನು ಗಾರ್ಡ್ ಇದ್ದರೂ ಬಿಡಬಾರದು.

ದೋಣಿಯನ್ನು ಉಪ್ಪು ನೀರಿನಲ್ಲೇ ಕಟ್ಟಿ ಇಡುವವರಿಗೆ ನಾನು ಗಾರ್ಡ್ ಹಾಕಿ ಅಂತ ಹೇಳುವುದಿಲ್ಲ. ಅವರಿಗೆ ಬರೀ ಸ್ಕೆಗ್, ಒಳ್ಳೆ ಬಣ್ಣ, ಹೊಸ ಆನೋಡ್ ಸಾಕು, ಸವೆದಾಗ ವೆಲ್ಡಿಂಗ್ ಮಾಡಿಸಿದರಾಯಿತು. ನಾನೂ ಈಗ ಹಾಗೇ ಓಡಿಸುತ್ತಿದ್ದೇನೆ.