ಬಿಳಿ ಕೋಲು, ಒಲೆ ಮತ್ತು ಕೀಲಿಮಣೆ: ಒಂದು ತರಬೇತಿಯ ವಿಮರ್ಶೆ

ದೃಷ್ಟಿದೋಷವುಳ್ಳ ಯುವಜನರಿಗೆ ಉದ್ಯೋಗ ಹಾಗೂ ಸ್ವಾವಲಂಬಿ ಬದುಕಿನ ತರಬೇತಿ ನೀಡುವ ಕೇಂದ್ರವೊಂದರಲ್ಲಿ ನನ್ನ ತಮ್ಮ ಆರು ತಿಂಗಳು ಕಲಿತು ಬಂದಿದ್ದಾನೆ. ಕೇಂದ್ರದ ನಿಜವಾದ ಬಲವಿರುವುದು ಅಡುಗೆಮನೆ ಮತ್ತು ರಸ್ತೆಯ ಪಾಠಗಳಲ್ಲಿ: ಬಿಸಿ ನೀರು ಲೋಟದ ಅಂಚಿಗೆ ಬಂದೊಡನೆ ಸದ್ದು ಮಾಡುವ ಪುಟ್ಟ ಸಾಧನವನ್ನು ಬಳಸುವುದು, ಎಡಗಾಲು ಮುಂದಿಡುವಾಗ ಬಿಳಿ ಕೋಲನ್ನು ಬಲಕ್ಕೆ ತಾಗಿಸಿ ಮುಂದಿನ ಹೆಜ್ಜೆಯ ಜಾಗವನ್ನು ಮೊದಲೇ ಪರೀಕ್ಷಿಸುವುದು, ಇವೆಲ್ಲವನ್ನೂ ಅವಸರವಿಲ್ಲದೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಲಿಸಿದರು. ಕಂಪ್ಯೂಟರ್ ತರಗತಿಗೆ, 2006ರಿಂದ ಉಚಿತವಾಗಿ ದೊರೆಯುತ್ತಿರುವ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶವನ್ನು ಆಯ್ದುಕೊಂಡದ್ದು ಜಾಣತನ. ಮನೆಗೆ ಮರಳಿದ ಮೇಲೂ ಅವನ ಅಭ್ಯಾಸ ನಿಲ್ಲಲಿಲ್ಲ. ಉದ್ಯೋಗ ವಿಭಾಗ ಮಾತ್ರ ಸೊರಗಿದೆ. ಎಲ್ಲರನ್ನೂ ದೂರವಾಣಿ ಸೇವೆಯ ಕೆಲಸದತ್ತಲೇ ತಳ್ಳುವ ಧೋರಣೆ ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಲೆಕ್ಕಪತ್ರದಲ್ಲಿ ಆಸಕ್ತಿಯಿದ್ದ ತಮ್ಮನನ್ನು ಆ ಕುರಿತು ಯಾರೂ ಕೇಳಲೇ ಇಲ್ಲ.