ನೀರು ತುಂಬದ ವಾಷಿಂಗ್ ಮಷೀನ್: ಜಾಲರಿ ತೊಳೆಯುವುದೋ, ವಾಲ್ವ್ ಬದಲಿಸುವುದೋ, ಪಂಪ್ ಕೂರಿಸುವುದೋ?

ಮಷೀನ್ ಗುಂಯ್ ಎನ್ನುತ್ತದೆ, ನೀರು ಮಾತ್ರ ಬರುವುದಿಲ್ಲ. ಇಲ್ಲವೇ ನೂಲಿನೆಳೆಯಂತೆ ಬಂದು, ಕೊನೆಗೆ ಎಲ್‌ಜಿಯಲ್ಲಿ ‘ಐಇ’, ಸ್ಯಾಮ್‌ಸಂಗ್‌ನಲ್ಲಿ ‘4ಸಿ’ ಅಥವಾ ‘4ಇ’, ಬಾಷ್‌ನಲ್ಲಿ ‘ಇ17’ ಎಂದು ತೋರಿಸಿ ನಿಂತುಬಿಡುತ್ತದೆ. ಈ ಸಂಕೇತಗಳೆಲ್ಲ ಹೇಳುವುದು ಒಂದೇ ಮಾತು: ಕೊಟ್ಟ ಸಮಯದೊಳಗೆ ನೀರು ಮಟ್ಟಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ಮಷೀನ್‌ಗೆ ಗೊತ್ತಿಲ್ಲ. ದುಡ್ಡು ಪೋಲಾಗುವುದು ಇಲ್ಲಿಯೇ. ನೀರನ್ನು ಒಳಬಿಡುವ ವಾಲ್ವ್ ಕೆಟ್ಟಿದೆ ಎಂದು ಹೊಸದು ಹಾಕಿಸುತ್ತಾರೆ, ನೀರು ಮೊದಲಿನಷ್ಟೇ ಬರುತ್ತದೆ. ತಾರಸಿಯ ಟ್ಯಾಂಕಿನಿಂದ ನೀರು ಇಳಿಯುವ ನಮ್ಮ ಮನೆಗಳಲ್ಲಿ, ಅದರಲ್ಲೂ ಮೇಲಿನ ಮಹಡಿಯಲ್ಲಿ, ತಪ್ಪು ಮಷೀನಿನದ್ದಾಗಿರದೆ ಒತ್ತಡದ್ದಾಗಿರುವುದೇ ಹೆಚ್ಚು.

ಹಾಗಾಗಿ ಯಾವ ಮದ್ದು ಮೇಲು ಎಂದು ಹೋಲಿಸುವ ಮೊದಲು 10 ಲೀಟರ್ ಬಕೆಟ್ ತೆಗೆದುಕೊಳ್ಳಿ. ಮಷೀನಿನ ನಲ್ಲಿಯಿಂದ ಪೈಪ್ ಬಿಚ್ಚಿ, ನಲ್ಲಿ ಪೂರ್ತಿ ತಿರುಗಿಸಿ ಹಿಡಿಯಿರಿ. 1 ನಿಮಿಷದಲ್ಲಿ ತುಂಬಿದರೆ ಮನೆಯ ಕಡೆಯ ಹರಿವಿಗೆ ಕೊರತೆಯಿಲ್ಲ, ಒತ್ತಡದ ಮಾತು ಬೇರೆ. 2 ನಿಮಿಷವಾದರೂ ನಡೆಯುತ್ತದೆ. 3 ನಿಮಿಷ ದಾಟಿದರೆ ಮಷೀನನ್ನು ಬಿಚ್ಚಲೇಬೇಡಿ, ಕಾಯಿಲೆ ಗೋಡೆಯೊಳಗಿನ ಪೈಪಿನಲ್ಲೋ ತಾರಸಿಯಲ್ಲೋ ಇದೆ. ಆಮೇಲೆ ಪೈಪನ್ನು ನಲ್ಲಿಗೆ ಹಾಕಿ, ಮಷೀನಿನ ಕಡೆಯ ತುದಿಯನ್ನು ಬಕೆಟ್ಟಿಗೆ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಎರಡು ಅಳತೆಗೂ ತುಂಬಾ ವ್ಯತ್ಯಾಸ ಬಂದರೆ ಪೈಪ್ ಮಷೀನಿನ ಹಿಂದೆ ಮಡಚಿಕೊಂಡಿದೆ, ಅಥವಾ ಅದರೊಳಗೆ ಏನೋ ಸಿಕ್ಕಿದೆ. ಮಷೀನನ್ನು ಗೋಡೆಗೆ ಒತ್ತಿ ತಳ್ಳಿದ ಮನೆಗಳಲ್ಲಿ ಇದು ಸಾಮಾನ್ಯ. ಬಾಷ್‌ನ ಆಕ್ವಾಸ್ಟಾಪ್ ತರಹದ ಪೈಪ್ ಆಗಿದ್ದರೆ ಅದರ ದಪ್ಪ ತಲೆಯೊಳಗೇ ಒಂದು ಸುರಕ್ಷತಾ ವಾಲ್ವ್ ಇರುತ್ತದೆ. ಅದು ಮುಚ್ಚಿಕೊಂಡೇ ಇರುವುದರಿಂದ ಈ ಎರಡನೆಯ ಅಳತೆ ಅದಕ್ಕೆ ಹೊಂದುವುದಿಲ್ಲ. ಅದನ್ನು ಕತ್ತರಿಸಿ ಜೋಡಿಸಲು ಹೋಗಬಾರದು.

ಎರಡು ಅಳತೆಯೂ ಚೆನ್ನಾಗಿದ್ದು ಮಷೀನಿಗೆ ಮಾತ್ರ ನೀರು ಹೋಗದಿದ್ದರೆ ಮೊದಲು ನೋಡಬೇಕಾದ್ದು ಜಾಲರಿ.

ಜಾಲರಿಗೆ ಯಾವ ಮದ್ದು?

ಪೈಪ್ ತಿರುಗಿಸಿ ತೆಗೆದರೆ ಇನ್ಲೆಟ್ ವಾಲ್ವಿನ ಬಾಯಲ್ಲಿ ಬೆರಳುಗುರಿನಷ್ಟು ಪ್ಲಾಸ್ಟಿಕ್ ಜಾಲರಿ ಕಾಣುತ್ತದೆ. ಅದರ ನಡುವೆ ಚಿಕ್ಕ ಹಿಡಿಕೆ ಇರುತ್ತದೆ. ನೋಸ್ ಪ್ಲೈಯರ್‌ನಿಂದ ನೇರವಾಗಿ ಎಳೆಯಬೇಕು, ತಿರುಚಬಾರದು. ಕೆಲವು ಪೈಪ್‌ಗಳ ನಲ್ಲಿ ಕಡೆಯ ವಾಷರಿನಲ್ಲೂ ಇನ್ನೊಂದು ಜಾಲರಿ ಇರುತ್ತದೆ, ಅದನ್ನು ಮರೆಯುವವರೇ ಹೆಚ್ಚು.

ಮರಳು, ತುಕ್ಕು ಕೂತಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬೋರ್‌ವೆಲ್ ನೀರಿನ ಬಿಳಿ ಕರೆ ಮಾತ್ರ ಬ್ರಷ್ಷಿಗೆ ಜಗ್ಗುವುದಿಲ್ಲ, ಉಜ್ಜಿದಷ್ಟೂ ಜಾಲರಿಯ ಎಳೆ ಹರಿಯುತ್ತದೆ. ಇಲ್ಲಿ ವಿನೆಗರ್ ಮತ್ತು ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಬಿಳಿ ಹರಳು, ಎರಡನ್ನೂ ಹಾಕಿ ನೋಡಿದರೆ ನಿಂಬೆ ಉಪ್ಪೇ ಮೇಲು. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 25 ಗ್ರಾಂ ಹಾಕಿ ಅರ್ಧ ಗಂಟೆ ನೆನೆಸಿದರೆ ಕರೆ ಗುಳ್ಳೆ ಬಿಟ್ಟು ಕರಗುತ್ತದೆ. ವಿನೆಗರ್‌ಗೆ ಕರೆ ಕರಗಿಸುವ ಶಕ್ತಿಯಿದೆ, ಆದರೆ ಅದರ ವಾಸನೆ ಬೇಗ ಹೋಗುವುದಿಲ್ಲ. ಶೌಚಾಲಯ ತೊಳೆಯುವ ಆಸಿಡ್ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ ನಿಜ. ಆದರೆ ಅದು ಹೈಡ್ರೋಕ್ಲೋರಿಕ್ ಆಸಿಡ್. ಸ್ಟೀಲ್ ಜಾಲರಿಯನ್ನೂ ನಲ್ಲಿಯ ಹಿತ್ತಾಳೆಯನ್ನೂ ತಿನ್ನುತ್ತದೆ. ಅದು ಬೇಡ.

ಜಾಲರಿ ಕಿತ್ತುಹೋಯಿತೆಂದು ಅದಿಲ್ಲದೆ ಮಷೀನ್ ಓಡಿಸುವುದೂ ಬೇಡ. ಒಂದು ಮರಳಿನ ಕಾಳು ಒಳಗಿನ ರಬ್ಬರ್ ಪದರದ ಕೆಳಗೆ ಕೂತರೆ ವಾಲ್ವ್ ಮುಚ್ಚುವುದಿಲ್ಲ. ಆಗ ಮಷೀನ್ ಆಫ್ ಇದ್ದರೂ ಟಬ್‌ಗೆ ನೀರು ತೊಟ್ಟಿಕ್ಕುತ್ತದೆ.

ಕರೆ ಮತ್ತೆ ಕಟ್ಟದಿರಲಿ ಎಂದು ನಲ್ಲಿಗೂ ಪೈಪಿಗೂ ನಡುವೆ ಗಡಸು ನೀರಿನ ಫಿಲ್ಟರ್ ಹಾಕಿಸಿದ ಮೇಲೆಯೇ ನೀರು ತುಂಬುವುದು ನಿಂತ ಮನೆಗಳಿವೆ. ಅದರೊಳಗಿನ ಪಾಲಿಫಾಸ್ಫೇಟ್ ಹರಳು ನೀರಿನ ಗಡಸುತನವನ್ನು ತೆಗೆಯುವುದಿಲ್ಲ, ಕರೆ ಅಂಟದಂತೆ ಮಾಡುತ್ತದೆ ಅಷ್ಟೇ. ಆದರೆ ನೀರು ಆ ಹರಳುಗಳ ನಡುವೆ ನುಸುಳಿ ಬರಬೇಕು, ಅದಕ್ಕೆ ಒತ್ತಡ ಖರ್ಚಾಗುತ್ತದೆ. ಮೂರು ಮಹಡಿ ಕೆಳಗಿರುವ ಮನೆಗೆ ಇದು ತೊಂದರೆಯಲ್ಲ. ಟ್ಯಾಂಕಿನ ಕೆಳಗಿನ ಮಹಡಿಗೇ ಹಾಕಿದರೆ ಇರುವ ಒತ್ತಡವೂ ಹೋಗುತ್ತದೆ. ಅಂಥ ಕಡೆ ಮುಕ್ಕಾಲು ಇಂಚಿನ ವೈ-ಸ್ಟ್ರೈನರ್, ಅಂದರೆ ವೈ ಆಕಾರದ ಜಾಲರಿ ಫಿಲ್ಟರ್, ಒಳ್ಳೆಯದು: ಮರಳು ಹಿಡಿಯುತ್ತದೆ, ಒತ್ತಡ ತಿನ್ನುವುದು ಕಡಿಮೆ, ಅಡಿಯ ಮುಚ್ಚಳ ತಿರುಗಿಸಿದರೆ ಎರಡು ನಿಮಿಷದಲ್ಲಿ ತೊಳೆದಾಗುತ್ತದೆ.

ವಾಲ್ವ್: ಕಿವಿಗೊಟ್ಟು ಕೇಳಿ

ಜಾಲರಿ ಸ್ವಚ್ಛವಾಗಿದ್ದೂ ನೀರು ಬರದಿದ್ದರೆ ಮಷೀನ್ ಆನ್ ಮಾಡಿ ಹಿಂಬದಿಗೆ ಕಿವಿ ಕೊಡಿ. ಸಣ್ಣ ಗುಂಯ್ ಸದ್ದು ಕೇಳಿದರೆ ವಾಲ್ವ್ ತೆರೆಯುವ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೆ ಕರೆಂಟ್ ತಲುಪುತ್ತಿದೆ. ತೊಂದರೆ ಕಟ್ಟಿಕೊಂಡ ದಾರಿಯದ್ದು, ಅಂಟಿಕೊಂಡ ರಬ್ಬರಿನದ್ದು ಅಥವಾ ಒತ್ತಡದ್ದು. ಸದ್ದೇ ಇಲ್ಲದಿದ್ದರೆ ಕಾಯಿಲ್, ವೈರ್, ಮಷೀನಿನ ಕಂಟ್ರೋಲ್ ಬೋರ್ಡ್ ಇವುಗಳಲ್ಲೊಂದು. ಫ್ರಂಟ್ ಲೋಡ್‌ನಲ್ಲಿ ಬಾಗಿಲು ಟಿಕ್ ಎಂದು ಲಾಕ್ ಆಗದೆ ವಾಲ್ವಿಗೆ ಕರೆಂಟೇ ಹೋಗುವುದಿಲ್ಲ, ಅದನ್ನು ಮೊದಲು ನೋಡಿ. ಬಿಸಿನೀರಿಗೂ ತಣ್ಣೀರಿಗೂ ಬೇರೆ ಬೇರೆ ಬಾಯಿರುವ ಮಾದರಿಯಲ್ಲಿ ತಣ್ಣೀರು ಮಾತ್ರ ಜೋಡಿಸಿ ಬಿಸಿನೀರಿನ ಪ್ರೋಗ್ರಾಂ ಒತ್ತಿದರೂ ಹೀಗೆಯೇ ಆಗುತ್ತದೆ.

ಪ್ಲಗ್ ಕಿತ್ತು, ವೈರ್‌ಗಳ ಫೋಟೊ ತೆಗೆದು, ಕಾಯಿಲ್‌ನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 220 ವೋಲ್ಟ್ ಕಾಯಿಲ್ ಆದರೆ ಸಾಮಾನ್ಯವಾಗಿ 3.5ರಿಂದ 5 ಕಿಲೋಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಆಗ ವಾಲ್ವನ್ನು ಇಡಿಯಾಗಿ ಬದಲಿಸುವುದೇ ಸರಿ. ಬಿಚ್ಚಿ ರಿಪೇರಿ ಮಾಡಿದ ವಾಲ್ವ್ ಮೊದಲ ವಾರ ಚೆನ್ನಾಗಿಯೇ ನಡೆಯುತ್ತದೆ, ಆಮೇಲೆ ಕೀಲಿನಲ್ಲಿ ಸೋರಿ ಬೋರ್ಡಿನ ಮೇಲೆ ನೀರು ಬಿದ್ದರೆ ಬೋರ್ಡೂ ಹೋಗುತ್ತದೆ. ಹೊಸದನ್ನು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಬಾಯಿಯ ಮುಕ್ಕಾಲು ಇಂಚಿನ ಥ್ರೆಡ್ ಎಲ್ಲದರಲ್ಲೂ ಒಂದೇ ಇರಬಹುದು, ಆದರೆ ಒಳಗಿನ ಕವಲು ಒಂದೋ ಎರಡೋ ಮೂರೋ, ಸ್ಕ್ರೂ ಎಲ್ಲಿ, ವೋಲ್ಟೇಜ್ ಎಷ್ಟು ಎಂಬುದು ಬೇರೆಬೇರೆ.

ಕಾಯಿಲ್ ಸರಿ, ಕರೆಂಟ್ ಬರುತ್ತಿಲ್ಲ ಎಂದರೆ ನೀರಿನ ಮಟ್ಟ ಹೇಳುವ ಪ್ರೆಷರ್ ಸೆನ್ಸರಿನ ಮೇಲೆ ಅನುಮಾನ ಪಡಬೇಕು. ಟಬ್ಬಿನಡಿಯಿಂದ ಸೆನ್ಸರಿಗೆ ಹೋಗುವ ತೆಳು ರಬ್ಬರ್ ಕೊಳವೆಯಲ್ಲಿ ಸೋಪಿನ ಗಸಿ ಕಟ್ಟಿ ಗಾಳಿ ಒಳಗೇ ಸಿಕ್ಕಿಕೊಂಡರೆ, ಖಾಲಿ ಟಬ್ ತುಂಬಿದೆ ಎಂದೇ ಮಷೀನ್ ತಿಳಿಯುತ್ತದೆ. ಕೊಳವೆಯನ್ನು ಸೆನ್ಸರಿನ ಕಡೆಯಿಂದ ಬಿಡಿಸಿ ಟಬ್ಬಿನ ಕಡೆಗೆ ಊದಿದರೆ ಗಸಿ ಬಿಡುತ್ತದೆ. ಸೆನ್ಸರಿನೊಳಗೆ ಮಾತ್ರ ಊದಬೇಡಿ, ಅದರ ಪೊರೆ ಬಲು ನಾಜೂಕು.

ನೀರು ಬರುತ್ತಲೇ ಇದ್ದು ಮಟ್ಟ ಏರದಿದ್ದರೆ ಅದು ಇನ್ಲೆಟ್‌ನ ಮಾತೇ ಅಲ್ಲ. ಡ್ರೇನ್ ಪಂಪ್ ಇರುವ ಮಷೀನಿನಲ್ಲಿ ಹೊರಹೋಗುವ ಪೈಪಿನ ತುದಿ ನೆಲದಿಂದ ಸುಮಾರು 60ರಿಂದ 100 ಸೆಂ.ಮೀ. ಎತ್ತರದಲ್ಲಿರಬೇಕು. ನೆಲಕ್ಕೆ ಬಿಟ್ಟರೆ ಬಂದ ನೀರು ತಾನಾಗಿ ಇಳಿದುಹೋಗುತ್ತದೆ. ಪಂಪ್ ಇಲ್ಲದ ಟಾಪ್ ಲೋಡ್‌ನಲ್ಲಿ ಇದು ತಿರುವುಮುರುವು: ಪೈಪ್ ನೆಲದಲ್ಲೇ ಇರಬೇಕು, ಸೋರಿದರೆ ಡ್ರೇನ್ ವಾಲ್ವಿನ ಬಾಯಲ್ಲಿ ಹೇರ್‌ಪಿನ್ನೋ ನಾಣ್ಯವೋ ಸಿಕ್ಕಿದೆ ಎಂದರ್ಥ.

ಒತ್ತಡ ಕಡಿಮೆಯಾದರೆ

ಇದೇ ನಿಜವಾದ ತಲೆನೋವು. ಲೆಕ್ಕ ಸರಳ: 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಮೇಲಿನ ಮಹಡಿಯ ಮನೆಯಲ್ಲಿ ತಾರಸಿ 3 ಮೀಟರ್, ಟ್ಯಾಂಕಿನ ಕಟ್ಟೆ 1.2 ಮೀಟರ್, ಮಷೀನಿನ ವಾಲ್ವ್ ನೆಲದಿಂದ 1 ಮೀಟರ್. ಉಳಿಯುವುದು 3.2 ಮೀಟರ್, ಅಂದರೆ 0.3 ಬಾರ್. ಹೆಚ್ಚಿನ ಮಷೀನ್‌ಗಳ ಕೈಪಿಡಿ ಕೇಳುವ ಕನಿಷ್ಠ ಒತ್ತಡ 0.3ರಿಂದ 0.5 ಬಾರ್. ವಾಲ್ವಿನೊಳಗಿನ ರಬ್ಬರ್ ಪದರವನ್ನು ಎತ್ತುವುದು ಕಾಯಿಲ್ ಅಲ್ಲ, ನೀರಿನ ಒತ್ತಡ. ಕಾಯಿಲ್ ತೆರೆಯುವುದು ನಡುವಿನ ಸೂಜಿಗಾತ್ರದ ರಂಧ್ರವನ್ನು ಮಾತ್ರ. ಒತ್ತಡ ಸಾಲದಿದ್ದರೆ ಪದರ ಅರ್ಧ ಎದ್ದು ನಿಲ್ಲುತ್ತದೆ. ಅದಕ್ಕೇ ನಲ್ಲಿಯಲ್ಲಿ ಚೆನ್ನಾಗಿ ಬರುವ ನೀರು ಮಷೀನಿನಲ್ಲಿ ಎಳೆಯಾಗುವುದು, ಹೊಸ ವಾಲ್ವ್ ಹಾಕಿದರೂ ಹಾಗೇ ಉಳಿಯುವುದು.

ಇಲ್ಲಿ ಪೈಪೋಟಿಗೆ ಇರುವ ಮದ್ದುಗಳಲ್ಲಿ ಅತಿ ಅಗ್ಗದ್ದು ವಾಲ್ವಿನ ಬಾಯೊಳಗೆ ಜಾಲರಿಯ ಹಿಂದಿರುವ ರಬ್ಬರ್ ಬಿಲ್ಲೆಯನ್ನು ತೆಗೆಯುವುದು. ಹೆಚ್ಚು ಒತ್ತಡದಲ್ಲಿ ನೀರು ರಭಸವಾಗಿ ನುಗ್ಗದಂತೆ ತಡೆಯಲು ಅದನ್ನು ಇಟ್ಟಿರುತ್ತಾರೆ. ತಾರಸಿ ಟ್ಯಾಂಕಿನ ನೀರಿಗೆ ತೆಗೆದರೆ ಹರಿವು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಮುಂದೆ ಪಂಪ್ ಹಾಕಿಸಿದರೆ ಅಥವಾ ಕೆಳಗಿನ ಮಹಡಿಗೆ ಮನೆ ಬದಲಿಸಿದರೆ ಬಿಲ್ಲೆಯನ್ನು ಮರಳಿ ಹಾಕಲೇಬೇಕು. ಅದನ್ನು ಪೊಟ್ಟಣ ಕಟ್ಟಿ ಮಷೀನಿನ ಹಿಂದೆಯೇ ಅಂಟಿಸಿಡಿ. ವಾರಂಟಿ ಇದ್ದರೆ ಕೈ ಹಾಕಬೇಡಿ.

ಪಂಪ್‌ಗೂ ದಪ್ಪ ಪೈಪ್‌ಗೂ ನಡುವೆ ಆರಿಸುವಾಗ ಜನ ಪಂಪನ್ನೇ ಹಿಡಿಯುತ್ತಾರೆ. ಸ್ವಲ್ಪ ತಾಳಿ. ಅರ್ಧ ಇಂಚಿನ ಸಿಪಿವಿಸಿ ಪೈಪಿನಲ್ಲಿ ನಿಮಿಷಕ್ಕೆ 10 ಲೀಟರ್ ಹರಿದರೆ, ಪ್ರತಿ 10 ಮೀಟರ್ ಉದ್ದಕ್ಕೆ ಸುಮಾರು 2 ಮೀಟರ್ ಎತ್ತರದಷ್ಟು ಒತ್ತಡ ಪೈಪಿನ ಗೋಡೆಗೇ ಸವೆದುಹೋಗುತ್ತದೆ. ನಮ್ಮ ಕೈಯಲ್ಲಿರುವುದೇ 3.2 ಮೀಟರ್! ಅದೇ ಮುಕ್ಕಾಲು ಇಂಚಿನಲ್ಲಿ ಈ ಸವೆತ ಆರನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಟ್ಯಾಂಕಿನಿಂದ ಮಷೀನಿಗೆ ಪ್ರತ್ಯೇಕ ಮುಕ್ಕಾಲು ಇಂಚಿನ ಲೈನ್ ಎಳೆದರೆ ಕರೆಂಟಿಲ್ಲದೆ, ಸದ್ದಿಲ್ಲದೆ, ವರ್ಷಗಟ್ಟಲೆ ನಡೆಯುತ್ತದೆ. ಯಾರೋ ಬಚ್ಚಲಲ್ಲಿ ನಲ್ಲಿ ತಿರುಗಿಸಿದರೆ ಮಷೀನಿನ ನೀರು ಕಡಿಮೆಯಾಗುವುದೂ ತಪ್ಪುತ್ತದೆ. ಎರಡು ಮಾತು ನೆನಪಿರಲಿ. ಪೈಪ್ ಪ್ಯಾರಪೆಟ್ ಹತ್ತಿ ಇಳಿಯಬಾರದು, ಟ್ಯಾಂಕ್ ಒಮ್ಮೆ ಖಾಲಿಯಾದರೆ ಆ ಏರಿನಲ್ಲಿ ಗಾಳಿ ಕಟ್ಟಿಕೊಳ್ಳುತ್ತದೆ. ಟ್ಯಾಂಕಿನ ಹೊರದಾರಿಯಲ್ಲಿ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಒಂದು ಏರ್ ಪೈಪ್ ಬಿಟ್ಟರೆ ಗಾಳಿಗೆ ಹೋಗಲು ದಾರಿಯಿರುತ್ತದೆ.

ಆದರೆ ದಪ್ಪ ಪೈಪ್ ಇಲ್ಲದ ಎತ್ತರವನ್ನು ತಂದುಕೊಡಲಾರದು. ಟ್ಯಾಂಕಿನ ತಳ ವಾಲ್ವಿಗಿಂತ 2 ಮೀಟರ್ ಮಾತ್ರ ಮೇಲಿದ್ದರೆ ಪಂಪ್ ಬೇಕೇಬೇಕು, ಇಲ್ಲವೇ ಟ್ಯಾಂಕ್ ಎತ್ತಬೇಕು. 1,000 ಲೀಟರ್ ಟ್ಯಾಂಕೆಂದರೆ ಒಂದು ಟನ್ ನೀರು. ಅದನ್ನು 1 ಮೀಟರ್ ಎತ್ತಿದರೆ ಸಿಗುವುದು 0.1 ಬಾರ್. ಆ ಖರ್ಚಿಗೆ ಇದು ಸಾಲದು. ಅದರ ಬದಲು ಮೆಟ್ಟಿಲ ಕೋಣೆಯ ಮೇಲ್ಛಾವಣಿಯಲ್ಲಿ 200 ಲೀಟರಿನ ಚಿಕ್ಕ ಟ್ಯಾಂಕ್ ಇಟ್ಟು ಮಷೀನಿಗಷ್ಟೇ ಜೋಡಿಸುವುದು ಜಾಣತನ, 2 ಮೀಟರಿಗಿಂತ ಹೆಚ್ಚು ಎತ್ತರ ಹಾಗೇ ಸಿಗುತ್ತದೆ.

ಪಂಪ್ ಹಾಕಿಸುವುದಾದರೆ ಫ್ಲೋ ಸ್ವಿಚ್‌ನದ್ದೋ ಪ್ರೆಷರ್ ಸ್ವಿಚ್‌ನದ್ದೋ ಎಂದು ಮೊದಲೇ ತೀರ್ಮಾನಿಸಿ. ಫ್ಲೋ ಸ್ವಿಚ್‌ನ ಚಿಕ್ಕ ಬೂಸ್ಟರ್ ಅಗ್ಗ, ಸದ್ದು ಕಡಿಮೆ. ಆದರೆ ಒಂದಿಷ್ಟು ನೀರು ಹರಿಯಲು ಶುರುವಾದ ಮೇಲೆಯೇ ಅದು ಏಳುವುದು. ವಾಲ್ವ್ ನೀರನ್ನು ಎಳೆಯಾಗಿಯಷ್ಟೇ ಬಿಡುತ್ತಿದ್ದರೆ ಪಂಪ್ ಏಳುವುದೇ ಇಲ್ಲ, ಪಂಪ್ ಏಳದೆ ವಾಲ್ವ್ ತೆರೆಯುವುದಿಲ್ಲ. ಶವರಿಗೆ ಚೆನ್ನಾಗಿ ಕೆಲಸ ಮಾಡುವ ಪಂಪ್ ಮಷೀನಿಗೆ ಸೋಲುವುದು ಹೀಗೆ. ಪ್ರೆಷರ್ ಸ್ವಿಚ್‌ನದ್ದು ಲೈನಿನ ಒತ್ತಡ ಇಳಿದ ಕೂಡಲೇ ಏಳುತ್ತದೆ, ಮಷೀನಿಗೆ ಇದೇ ಸರಿ. ಇದರ ದೋಷ, ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕಿದರೂ ರಾತ್ರಿಯಿಡೀ ಆಗಾಗ ಎದ್ದು ಗುರುಗುಟ್ಟುತ್ತದೆ. ಮೊದಲು ನಲ್ಲಿಗಳ ವಾಷರ್ ಸರಿಮಾಡಿಸಿಕೊಳ್ಳಿ. ಪಂಪ್ ಯಾವುದೇ ಇರಲಿ, ಟ್ಯಾಂಕಿನ ಲೈನಿಗೆ ಮಾತ್ರ. ಬೆಂಗಳೂರಿನಲ್ಲಿ ಜಲಮಂಡಳಿಯ ಕೊಳವೆಗೆ ನೇರವಾಗಿ ಮೋಟಾರ್ ಜೋಡಿಸಿ ಎಳೆಯುವುದು ನಿಷಿದ್ಧ, ಅಕ್ಕಪಕ್ಕದವರ ಪಾಲಿನ ನೀರನ್ನೂ ಅದು ಕಸಿಯುತ್ತದೆ.

ಪ್ಲಂಬರ್ ಬರುವವರೆಗೆ ಬಕೆಟ್ ಇದೆ. ಟಾಪ್ ಲೋಡ್‌ಗೆ ನೇರವಾಗಿ ಟಬ್ಬಿಗೆ ಸುರಿಯಿರಿ, ಮಟ್ಟ ಮುಟ್ಟಿದೊಡನೆ ಅದು ತಿರುಗಲು ಶುರುಮಾಡುತ್ತದೆ. ಪ್ರತಿ ಜಾಲಾಡುವಿಕೆಗೂ ಮತ್ತೆ ಸುರಿಯಬೇಕು. ಫ್ರಂಟ್ ಲೋಡ್‌ಗೆ ಸೋಪಿನ ಡ್ರಾಯರ್ ಮೂಲಕ ನಿಧಾನವಾಗಿ ಹಾಕಬಹುದು. ಕಡಿಮೆ ಒತ್ತಡವನ್ನು ತಾಳಿಕೊಳ್ಳುವುದರಲ್ಲಿಯೂ ಫ್ರಂಟ್ ಲೋಡೇ ಮುಂದು: ಅದರ ಒಂದು ತುಂಬುವಿಕೆಗೆ 10-15 ಲೀಟರ್ ಸಾಕು, ಟಾಪ್ ಲೋಡ್ ತುಂಬು ಮಟ್ಟಕ್ಕೆ 50 ಲೀಟರ್ ಕೇಳುತ್ತದೆ. ನಿಮಿಷಕ್ಕೆ 2 ಲೀಟರ್ ಬರುವ ನಲ್ಲಿಯಲ್ಲಿ ಅದಕ್ಕೆ ಒಂದು ಸಲ ತುಂಬಲು 25 ನಿಮಿಷ. ಹೊಸ ಟಾಪ್ ಲೋಡನ್ನೇ ಕೊಳ್ಳುವವರು ವರ್ಲ್‌ಪೂಲ್‌ನ ‘ಜೆಡ್‌ಪಿಎಫ್’ನಂತಹ ಸೌಲಭ್ಯವಿದೆಯೇ ಎಂದು ವಿಚಾರಿಸಬಹುದು, ಅದು 0.017 ಮೆಗಾಪ್ಯಾಸ್ಕಲ್ ಒತ್ತಡಕ್ಕೂ ತುಂಬುತ್ತದೆಂದು ಕಂಪನಿ ಹೇಳುತ್ತದೆ, ಅಂದರೆ ವಾಲ್ವಿಗಿಂತ ಸುಮಾರು 1.7 ಮೀಟರ್ ಮೇಲೆ ಟ್ಯಾಂಕಿದ್ದರೆ ಸಾಕು. ಅಂಗಡಿಗೆ ಹೋಗುವ ಮೊದಲು ಒಂದು ಟೇಪ್ ಹಿಡಿದು ತಾರಸಿ ಹತ್ತಿ, ಟ್ಯಾಂಕಿನ ತಳದವರೆಗೆ ಅಳೆದುಕೊಂಡು ಬನ್ನಿ.