ಉದ್ದ ಓಟ: ಶನಿವಾರವೋ, ರವಿವಾರವೋ?

ವಾರಕ್ಕೊಮ್ಮೆ ಓಡುವ ಉದ್ದ ಓಟಕ್ಕೆ ಯಾವ ದಿನ ಅಂದ್ರೆ, ನನ್ನ ಮತ ಶನಿವಾರಕ್ಕೆ. ಹುಬ್ಬಳ್ಳಿಯಲ್ಲಿ ರವಿವಾರ ಅಂದ್ರೆ ಮದುವೆ, ಸೀಮಂತ, ಮನೆಗೆ ಬರುವ ಬೀಗರು, ಏನಾದರೂ ಒಂದು ಇದ್ದೇ ಇರುತ್ತದೆ, ನೀವು 16 ಕಿ.ಮೀ. ಓಡಿ ಎಂಟಕ್ಕೆ ಬಂದರೂ ಎಲ್ಲರೂ ನಿಮಗಾಗಿ ಕಾಯುತ್ತಾ ಕೂತಿರುತ್ತಾರೆ. ಶನಿವಾರ ಮಳೆ ಕೆಡಿಸಿದರೆ ರವಿವಾರ ಉಳಿದಿರುತ್ತದೆ, ಅದೇ ದೊಡ್ಡ ಲಾಭ. ಆದರೆ ಶನಿವಾರ ಮಕ್ಕಳಿಗೆ ಬೆಳಗಿನ ಶಾಲೆ ಇದ್ದು ಡಬ್ಬಿ ಕಟ್ಟುವ ಕೆಲಸ ನಿಮ್ಮದಾಗಿದ್ದರೆ ರವಿವಾರವೇ ಸರಿ.

ಎಲ್ಲ ಮಳೆಯೂ ಒಂದೇ ಅಲ್ಲ. ಜುಲೈನ ಜಿಟಿಜಿಟಿಯಲ್ಲಿ ಟೋಪಿ ಹಾಕಿಕೊಂಡು ಓಡಬಹುದು. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ, ಹಾಗಾಗಿ ಆಗ ಸಂಜೆ ಓಟ ಬೇಡ. ಗುಡುಗು ಕೇಳಿದರೆ ಒಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ, ಇದರಲ್ಲಿ ರಾಜಿ ಇಲ್ಲ.

ಜಾಗ? ಮಳೆಗಾಲದಲ್ಲಿ ಹೊಲದ ದಾರಿ ಬೇಡ, ಎರೆಮಣ್ಣು ಬೂಟಿಗೆ ಮೆತ್ತಿ ಕಾಲು ಎತ್ತಲು ಬಿಡಲ್ಲ. ಉಣಕಲ್ ಕೆರೆ ಕಡೆ ಡಾಂಬರು ರಸ್ತೆ ಹಿಡಿಯಿರಿ. ಏರಿಳಿತ ಬೇಕಾದರೆ ಧಾರವಾಡಕ್ಕೆ ಹೋಗಬಹುದು, ಆದರೆ ಹೋಗಿಬರೋದಕ್ಕೇ ಜಾಸ್ತಿ ಹೊತ್ತು ಬೇಕು, ಮನೆಯಲ್ಲಿ ಮೊದಲೇ ಹೇಳಿಡಿ.

ಎರಡೂ ದಿನ ಸಾಧ್ಯವಾಗದಿದ್ದರೆ ವಾರದ ನಡುವೆ ಒಂದು ದಿನ ಬೆಳಗ್ಗೆ 10 ಕಿ.ಮೀ., ಸಂಜೆ 6 ಕಿ.ಮೀ. ಓಡಿ.